ಚಳಿ ಶುರುವಾಗುವ ಹೊತ್ತಿಗೆ ಚಿಕಾಗೋಗೆ ಹೊರಟವರು ಒಮ್ಮೆ ಓದಿ

ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಅಪ್ಪ ಅಮ್ಮನನ್ನು ಚಿಕಾಗೋಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. "ನಿಜವಾದ ಚಳಿ ಜನವರಿಯಲ್ಲಿ ಸಾರ್. ಈಗ ಹೋದರೆ ಚಳಿಯೂ ಕಮ್ಮಿ, ರೇಟೂ ಕಮ್ಮಿ" ಅಂತ ನಮ್ಮ ಟೂರ್ ಏಜೆಂಟ್ ಹೇಳಿದ್ದ. ರೇಟ್ ಕಮ್ಮಿ ಇದ್ದದ್ದು ನಿಜ.

ಅಲ್ಲಿ ಹಣ್ಣುಗಾಯಿ ಮಾಡುವುದು ಗಾಳಿ. ಮೊಬೈಲಿನಲ್ಲಿ ಮೈನಸ್ 3 ಡಿಗ್ರಿ ಅಂತ ದೊಡ್ಡದಾಗಿ ತೋರಿಸುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಫೀಲ್ಸ್ ಲೈಕ್' ಅಂತ ಇನ್ನೊಂದು ಅಂಕಿ ಇರುತ್ತದೆ. ನೋಡಬೇಕಾದದ್ದು ಅದನ್ನು. ಗಂಟೆಗೆ 40 ಕಿಲೋಮೀಟರ್ ಗಾಳಿ ಇದ್ದರೆ ಆ ಮೈನಸ್ 3 ನಮ್ಮ ಮುಖಕ್ಕೆ ಮೈನಸ್ 11 ಆಗಿರುತ್ತದೆ. ಊರಿನ ಪೂರ್ವಕ್ಕೆ ಮಿಷಿಗನ್ ಸರೋವರ, ಆಚೆ ದಡವೇ ಕಾಣುವುದಿಲ್ಲ. ಉಳಿದ ಕಡೆ ಬಟಾಬಯಲು, ಗಾಳಿ ತಡೆಯಲು ಒಂದು ಗುಡ್ಡವೂ ಇಲ್ಲ. ಎತ್ತರದ ಕಟ್ಟಡಗಳ ಸಂದಿಗೆ ನುಗ್ಗಿದ ಮೇಲಂತೂ ಕೇಳಲೇಬೇಡಿ.

ಮಿಷಿಗನ್ ಅವೆನ್ಯೂದಲ್ಲಿ ನದಿ ದಾಟುವ ಸೇತುವೆ ಇದೆಯಲ್ಲ, ಅಲ್ಲಿ ಅಮ್ಮ ನಿಂತೇಬಿಟ್ಟರು. ಸೀರೆ, ಸ್ವೆಟರ್, ಮೇಲೆ ಬೆಂಗಳೂರಿನಲ್ಲಿ ಕೊಂಡ ದಪ್ಪ ಜಾಕೆಟ್. ಮೈನಸ್ 10ಕ್ಕೂ ನಡೆಯುತ್ತದೆ ಅಂತ ಅಂಗಡಿಯವನು ಮಾರಿದ್ದು. ದಪ್ಪವೇನೋ ಇತ್ತು, ಆದರೆ ಗಾಳಿಗೆ ಅದು ಜರಡಿ. ನೆರಿಗೆಯೊಳಗೆ ಗಾಳಿ ತುಂಬಿಕೊಂಡು, ಒಂದು ಕೈಯಲ್ಲಿ ಸೇತುವೆಯ ಕಂಬಿ, ಇನ್ನೊಂದರಲ್ಲಿ ಸೀರೆ. ಕಣ್ಣಿಂದ ನೀರು ಸುರಿಯುತ್ತಿತ್ತು. "ಅಳ್ತಿಲ್ಲ ಕಣೋ, ಗಾಳಿಗೆ" ಅಂದರು. ಹಟ ಮಾಡಿ ತಂದಿದ್ದ ಮಂಕಿ ಕ್ಯಾಪ್ ಒಂದೇ ಅವರನ್ನು ಕಾಪಾಡಿದ್ದು. ನಾನು ಅದನ್ನು ನೋಡಿ ನಕ್ಕಿದ್ದೆ, ಆಮೇಲೆ ಅಂಥದ್ದೇ ಸಿಗುತ್ತದಾ ಅಂತ ಅಂಗಡಿ ಅಂಗಡಿ ಹುಡುಕಿದೆ.

ಜಾಕೆಟ್ ಕೊಳ್ಳುವಾಗ ದಪ್ಪ ನೋಡಬೇಡಿ. ಹೊರಪದರ ಗಾಳಿ ತಡೆಯುತ್ತದಾ, ಸೊಂಟದ ಕೆಳಗಿನವರೆಗೆ ಬರುತ್ತದಾ ನೋಡಿ. ಬಟ್ಟೆಯನ್ನು ಬಾಯಿಗಿಟ್ಟು ಊದಿ, ಉಸಿರು ಆಚೆ ಬಂದರೆ ಅಲ್ಲೇ ಬಿಟ್ಟು ಬನ್ನಿ. ಸೀರೆ ಬಿಡದ ಅಮ್ಮಂದಿರಿಗೆ ಒಳಗೆ ಥರ್ಮಲ್ ಪ್ಯಾಂಟ್, ಉಣ್ಣೆಯ ಕಾಲುಚೀಲ, ಶೂ ಬೇಕೇ ಬೇಕು.

ಇನ್ನೊಂದು ಎಡವಟ್ಟು ಮೊಬೈಲಿನದು. ಮಿಲೇನಿಯಮ್ ಪಾರ್ಕಿನ ಆ ಹೊಳೆಯುವ 'ಬೀನ್' ಶಿಲ್ಪದ ಮುಂದೆ ಫೋಟೋ ತೆಗೆಯುತ್ತಿದ್ದೆ. 40 ಪರ್ಸೆಂಟ್ ಚಾರ್ಜ್ ಇದ್ದ ಫೋನ್ ದಿಢೀರ್ ಅಂತ ಆಫ್ ಆಯಿತು. ಚಳಿಗೆ ಲಿಥಿಯಂ ಬ್ಯಾಟರಿ ಹಾಗೆ ಕೈಕೊಡುತ್ತದೆ. ಹೋಟೆಲ್ ವಿಳಾಸ, ಟ್ಯಾಕ್ಸಿ ಆ್ಯಪ್ ಎಲ್ಲಾ ಅದರಲ್ಲೇ. ಡಿಸೆಂಬರ್ ಮೊದಲಿಗೆ ಅಲ್ಲಿ ಸಂಜೆ 4:20ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಆಗಲೇ ಕತ್ತಲು ಕವಿಯುತ್ತಿತ್ತು. ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಅಮ್ಮ ಆ ಊರಿಗೆ ಬಂದದ್ದೇ ವಿವೇಕಾನಂದರಿಗಾಗಿ. 1893ರಲ್ಲಿ ಅವರು ಭಾಷಣ ಮಾಡಿದ ಕಟ್ಟಡ ಈಗ ಕಲಾ ಮ್ಯೂಸಿಯಂ, ಹೆಸರು ಆರ್ಟ್ ಇನ್‌ಸ್ಟಿಟ್ಯೂಟ್. ಪಾರ್ಕಿನ ಪಕ್ಕದಲ್ಲೇ ಇದೆ, ಒಳಗೆ ಬೆಚ್ಚಗೆ ಅರ್ಧ ದಿನ ಕಳೆಯಬಹುದು. ವಯಸ್ಸಾದವರಿದ್ದರೆ ಇಂಥ ಒಳಾಂಗಣದ ಜಾಗಗಳನ್ನೇ ಪ್ಲಾನ್ ಮಾಡಿ. ಊರ ನಡುವೆ ಕಟ್ಟಡದಿಂದ ಕಟ್ಟಡಕ್ಕೆ ಹೋಗಲು ಪೆಡ್‌ವೇ ಅಂತ ನೆಲದಡಿಯ ದಾರಿಗಳಿವೆ, ಆದರೆ ರಾತ್ರಿ ಮತ್ತು ರಜಾದಿನ ಹಲವು ಕಡೆ ಬಾಗಿಲು ಹಾಕಿರುತ್ತಾರೆ. ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ತಲೆ ಮೇಲೆ ಹೀಟರ್ ಇರುತ್ತದೆ. ಜನ ಗುಂಪಾಗಿ ನಿಂತಿದ್ದಾರೆ ಅಂದರೆ ಅದರ ಕೆಳಗೇ ಅಂತ ತಿಳಿಯಿರಿ, ನೀವೂ ಸೇರಿಕೊಳ್ಳಿ.

ಕೊನೆಗೆ ದುಡ್ಡಿನ ವಿಷಯ. ಪ್ಯಾಕೇಜಿನಲ್ಲಿ ನದಿ ಮೇಲಿನ ಬೋಟ್ ಸುತ್ತಾಟಕ್ಕೂ ಸೇರಿಸಿ ವಸೂಲು ಮಾಡಿದ್ದರು. ಹೋದ ದಿನ ಗಾಳಿ ಜಾಸ್ತಿ ಅಂತ ಬೋಟ್ ಬಿಡಲಿಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ "ಹವಾಮಾನ ನಮ್ಮ ಕೈಲಿಲ್ಲ ಸಾರ್, ರೀಫಂಡ್ ಬರಲ್ಲ" ಅಂದ. ಈಗ ಫೋನೇ ಎತ್ತುತ್ತಿಲ್ಲ. ನೀವು ಬೋಟನ್ನೂ, ಮೇಲ್ಛಾವಣಿ ಇಲ್ಲದ ಬಸ್ಸನ್ನೂ ಪ್ಯಾಕೇಜಿನಿಂದ ತೆಗೆಸಿಬಿಡಿ. ಅಲ್ಲಿಗೆ ಹೋದ ಮೇಲೆ, ಆವತ್ತಿನ ಗಾಳಿ ನೋಡಿಕೊಂಡು ಟಿಕೆಟ್ ತಗೊಂಡರೆ ಸಾಕು.