ಹಗುರ ರೈಫಲ್ ಕೇಳುವ ಅಳಿಯಂದಿರಿಗೆ: ಟಿಕ್ಕಾ ಟಿ3ಎಕ್ಸ್ ಲೈಟ್, .243

ಮೊದಲೇ ಹೇಳಿಬಿಡುತ್ತೇನೆ, ಇದು ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಉಪಯೋಗಕ್ಕೆ ಬರುವ ಸಾಮಾನಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಷಿಕಾರಿ ಮುಗಿದುಹೋಯಿತು. ಜಿಂಕೆ, ಕಡವೆ, ಕಾಡುಕುರಿ, ನರಿ, ಯಾವುದಕ್ಕೆ ಈಡು ಹೊಡೆದರೂ ಕೇಸು ಬೀಳುತ್ತದೆ. ಬೀಳಲೇಬೇಕು. ಆದರೆ ಈಗ ಮಲೆನಾಡಿನ ಊರೂರಿನ ಹುಡುಗರು ಅಮೆರಿಕದಲ್ಲಿ ಇದ್ದಾರೆ. ಅವರಲ್ಲಿ ಕೆಲವರು ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಚಳಿಗಾಲದಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ, ಮನೆಯಲ್ಲಿ ಕೋವಿ ನೋಡಿ ಬೆಳೆದವರು ಅಲ್ವಾ. ಅವರು ಊರಿಗೆ ಫೋನ್ ಮಾಡಿ "ಮಾವ, ಹಗುರ ಇರಬೇಕು, ಗುರಿ ಸರಿ ಇರಬೇಕು, ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. ನನ್ನ ಅಳಿಯನೂ ಕೇಳಿದ್ದ. ಹೋದ ಚಳಿಗಾಲ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿ ಇದ್ದಾಗ ಅವನು ಕೊಂಡ ರೈಫಲ್ಲನ್ನು ನಾನೇ ಹೊತ್ತು, ಹೊಡೆದು ನೋಡಿದೆ.

ರೈಫಲ್ ಟಿಕ್ಕಾ ಟಿ3ಎಕ್ಸ್ ಲೈಟ್, ತೋಟಾ .243 ವಿಂಚೆಸ್ಟರ್ (ಗುಂಡಿನ ಅಡ್ಡಗಲ 0.243 ಅಂಗುಲ). ಫಿನ್‌ಲ್ಯಾಂಡಿನ ಸಾಕೋ ಕಾರ್ಖಾನೆಯ ಮಾಲು. ಹಳೆಯ ಟಿ3 ಬಂದಿದ್ದು 2003ರಲ್ಲಿ, ಅದನ್ನೇ ಅಲ್ಲಲ್ಲಿ ತಿದ್ದಿ 2016ರಲ್ಲಿ ಟಿ3ಎಕ್ಸ್ ಅಂತ ಬಿಟ್ಟರು. ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸದೆ ತೂಗಿದರೆ ಮೂರು ಕಿಲೋಗಿಂತ ಕಡಿಮೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಏಳೆಂಟು ನೂರು ಡಾಲರ್ ಆಸುಪಾಸು ಅಂದುಕೊಳ್ಳಿ.

ಕೊಳ್ಳಬಹುದಾ? ಕೊಳ್ಳಬಹುದು. ಆದರೆ ಹಗುರ ಅನ್ನುವ ಒಂದೇ ಕಾರಣಕ್ಕೆ ಕೊಳ್ಳಬೇಡಿ.

ಯಾಕೆ ಅಂದರೆ, ಟೆಕ್ಸಾಸಿನಲ್ಲಿ ಜಿಂಕೆ ಬೇಟೆ ಅಂದರೆ ಕಾಲ್ನಡಿಗೆಯ ಕೆಲಸವೇ ಅಲ್ಲ. ನಮ್ಮ ಹಿರಿಯರು ಹಳು ನುಗ್ಗಿಸಿ ಗುಡ್ಡ ಹತ್ತಿಳಿದ ಕಥೆ ಕೇಳಿದವನಿಗೆ ಅದು ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಅಳಿಯ ಮತ್ತು ಅವನ ಸ್ನೇಹಿತರು ಲ್ಯಾನೋ ಅನ್ನುವ ಕಡೆ ಒಂದು ಜಾಗವನ್ನು ಸೀಸನ್ನಿಗೆ ಗುತ್ತಿಗೆ ಹಿಡಿದಿದ್ದಾರೆ. ಅಲ್ಲಿ ಕಾಡು ಕೂಡ ಬಹುಪಾಲು ಯಾರದೋ ಖಾಸಗಿ ಜಮೀನು, ಸುಮ್ನೆ ಒಳಗೆ ಹೋಗುವ ಹಾಗಿಲ್ಲ. ಲ್ಯಾನೋದವರು ತಮ್ಮ ಊರನ್ನು ಟೆಕ್ಸಾಸಿನ ಜಿಂಕೆ ರಾಜಧಾನಿ ಅಂತಲೇ ಕರೆದುಕೊಳ್ಳುತ್ತಾರೆ, ಸುತ್ತ ಸುಣ್ಣಕಲ್ಲು ಮತ್ತು ಗ್ರಾನೈಟ್ ಗುಡ್ಡ, ಕುಳ್ಳು ಓಕ್ ಮರ. ಅಲ್ಲಿ ಉದ್ದ ಕಾಲಿನ ಮೇಲೆ ನಿಲ್ಲಿಸಿದ ಒಂದು ಮಾಳ, ನಾಲ್ಕೂ ಕಡೆ ಕಿಟಕಿ. ಎದುರಿಗೆ ಹೊತ್ತಿಗೆ ಸರಿಯಾಗಿ ಮುಸುಕಿನ ಜೋಳ ಚೆಲ್ಲುವ ಯಂತ್ರ, ಅದಕ್ಕೆ ಕಾನೂನು ಒಪ್ಪಿಗೆಯೂ ಇದೆ. ಗಾಡಿ ನಿಲ್ಲಿಸಿದ ಜಾಗದಿಂದ ಮಾಳಕ್ಕೆ ಹತ್ತು ನಿಮಿಷ ನಡೆದರೆ ಮುಗಿಯಿತು. ಅಲ್ಲಿ ಕೂತು ಹೊಡೆಯುವವನಿಗೆ ರೈಫಲ್ ಎರಡೂವರೆ ಕಿಲೋ ಇದ್ದರೇನು, ನಾಲ್ಕು ಕಿಲೋ ಇದ್ದರೇನು? ಭಾರ ಇದ್ದರೇ ಒಳ್ಳೆಯದು, ಕಿಟಕಿಯ ಮೇಲೆ ಅಲ್ಲಾಡದೆ ಕೂರುತ್ತದೆ.

ಹಗುರದ ಬೆಲೆ ಗೊತ್ತಾಗುವುದು ಕಯೋಟಿಗೆ ಹೋದಾಗ. ಕಯೋಟಿ ಅಂದರೆ ನಮ್ಮ ನರಿಯ ದೊಡ್ಡಣ್ಣ, ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ, ಕಳ್ಳತನದಲ್ಲಿ ನಮ್ಮದಕ್ಕಿಂತ ಒಂದು ಕೈ ಮೇಲೆ. ಆಡು ಕುರಿ ಸಾಕಿದವರಿಗೆಲ್ಲ ಅದರ ಮೇಲೆ ಸಿಟ್ಟು. ಟೆಕ್ಸಾಸಿನಲ್ಲಿ ಅದಕ್ಕೆ ಸೀಸನ್ ಇಲ್ಲ, ವರ್ಷವಿಡೀ ಹೊಡೆಯಬಹುದು. ಗಾಯವಾದ ಮೊಲ ಕಿರುಚುವ ಸದ್ದನ್ನು ಪೀಪಿಯಲ್ಲಿ ಊದಿ ಕಾಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬರಲಿಲ್ಲ ಅಂದರೆ ಎದ್ದು ಅರ್ಧ ಮೈಲಿ ನಡೆದು ಇನ್ನೊಂದು ಕಡೆ ಕೂತು ಮತ್ತೆ ಊದುತ್ತಾರೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೀಗೆ ಏಳುವುದು, ನಡೆಯುವುದು, ಕೂರುವುದು. ಕಯೋಟಿ ಗಾಳಿಯ ಕೆಳಬದಿಗೆ ಸುತ್ತಿಕೊಂಡು ಬಂದು ವಾಸನೆ ಹಿಡಿಯಲು ನೋಡುತ್ತದೆ, ನಾವು ಥಟ್ಟನೆ ತಿರುಗಬೇಕು. ಅಲ್ಲಿ ಈ ಟಿಕ್ಕಾ ತುಂಬಾ ಹಿತ. ಮಂಡಿ ಹಿಡಿದ ನನ್ನಂಥವನ ಹೆಗಲಿಗೂ ಸಂಜೆ ನೋವು ಬರಲಿಲ್ಲ.

ಹಾಗಾದರೆ ಇನ್ನೂ ಹಗುರದ್ದೇ ತಗೊಂಡರೆ ಆಗಲ್ವಾ ಅಂತ ಅಳಿಯನ ಸ್ನೇಹಿತನೊಬ್ಬ ಕೇಳಿದ, ಅವನು ಕೊಪ್ಪದ ಕಡೆಯವನು. ಕಿಂಬರ್ ಕಂಪನಿಯ ಕೆಲವು ಮಾದರಿ ಎರಡೂಕಾಲು ಕಿಲೋ ಹತ್ತಿರಕ್ಕೆ ಇಳಿಯುತ್ತವೆ. ಗುಡ್ಡ ಹತ್ತಿ ಇಳಿಯುವವರಿಗೆ ಅವು ಸರಿ. ಆದರೆ ತೂಕ ಇಳಿದಷ್ಟೂ ಎರಡು ತೊಂದರೆ. ಒಂದು, ಒದೆತ ಜಾಸ್ತಿಯಾಗುತ್ತದೆ, ಅದೇ ತೋಟಾ ಹಗುರ ರೈಫಲ್ಲಿನಲ್ಲಿ ಭುಜಕ್ಕೆ ಜೋರಾಗಿ ಗುದ್ದುತ್ತದೆ. ಎರಡು, ನಮ್ಮ ಉಸಿರು, ಎದೆ ಬಡಿತ ಎಲ್ಲ ನಳಿಗೆಯ ತುದಿಗೆ ಹೋಗಿ ಗುರಿ ಕುಣಿಯುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಆಮೇಲೆ ರೈಫಲ್ ಎಷ್ಟು ಚೆನ್ನಾಗಿದ್ದರೆ ಏನು ಬಂತು? ಟಿಕ್ಕಾದ ತೂಕ ತೀರಾ ಹಗುರಕ್ಕೂ ತೀರಾ ಭಾರಕ್ಕೂ ನಡುವೆ ನಿಂತಿದೆ. ಜತೆಗೆ .243ರ ಒದೆತವೇ ಕಡಿಮೆ, ಗುಂಡು ಇನ್ನೂ ದಪ್ಪ ಇರುವ .308 ತೋಟಾಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮನೆಯ ಜೋಡುನಳಿಗೆ ಹನ್ನೆರಡು ಬೋರಿನ ಗುದ್ದು ತಿಂದು ಬೆಳೆದವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಗುರಿ. ನೂರು ಗಜದಲ್ಲಿ ಮೂರು ಗುಂಡು ಒಂದಂಗುಲದೊಳಗೆ ಬೀಳುತ್ತವೆ ಅಂತ ಕಂಪನಿ ಗ್ಯಾರಂಟಿ ಕೊಡುತ್ತದೆ. ಒಂದಂಗುಲ ಅಂದರೆ ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲೆಳೆ ಸಣ್ಣದು. ಮೇಜಿನ ಮೇಲೆ ಮರಳು ಚೀಲ ಇಟ್ಟು ಹೊಡೆದರೆ ಆ ಮಾತು ಸುಳ್ಳಾಗಲಿಲ್ಲ, ಅಳಿಯ ಹೊಡೆದಾಗಲೂ, ನಾನು ಹೊಡೆದಾಗಲೂ. ಚರೆ ಕೋವಿಯಲ್ಲಿ ಮೂವತ್ತು ನಲವತ್ತು ಗಜಕ್ಕೇ ಮಿತಿ ಹಾಕಿಕೊಂಡ ನಮಗೆ ಇದು ಬೇರೆಯೇ ಲೋಕ. ಟ್ರಿಗರ್ ತುಂಬಾ ಚೆನ್ನಾಗಿದೆ, ಒಂದು ಕಿಲೋದಿಂದ ಎರಡು ಕಿಲೋ ಎಳೆತದವರೆಗೆ ನಮಗೆ ಬೇಕಾದ ಹಾಗೆ ಕೂರಿಸಿಕೊಳ್ಳಬಹುದು. ಎಳೆಯುವಾಗ ನಡುವೆ ಜಾರುವುದು, ಕಚ್ಚುವುದು ಏನೂ ಇಲ್ಲ. ಬೋಲ್ಟ್, ಅಂದರೆ ತೋಟಾ ಏರಿಸಲು ಹಿಂದೆಮುಂದೆ ಎಳೆಯುವ ಹಿಡಿ, ಬೆಣ್ಣೆ. ಆದರೆ ಕೋವಿ ಹಿಡಿದ ಕೈಗೆ ಒಂದು ಅಭ್ಯಾಸ ಬಿಡಿಸಬೇಕು. ಕೋವಿಯನ್ನು ನಾವು ಓಡುವ ಹಂದಿಯ ಜತೆ ಬೀಸಿ ಟ್ರಿಗರನ್ನು ಗಕ್ಕನೆ ಎಳೆಯುವುದು, ರೈಫಲ್ಲಿನಲ್ಲಿ ಉಸಿರು ಅರ್ಧ ಬಿಟ್ಟು ಮೆಲ್ಲಗೆ ಒತ್ತಬೇಕು. ಊರಿನಿಂದ ಹೋದ ಹುಡುಗರೆಲ್ಲ ಇದಕ್ಕೆ ಒಂದಷ್ಟು ತೋಟಾ ಖರ್ಚು ಮಾಡಲೇಬೇಕು.

ಒಂದೇ ರೈಫಲ್ಲಿನಲ್ಲಿ ಜಿಂಕೆ ಮತ್ತು ಕಯೋಟಿ ಎರಡೂ ಆಗಬೇಕು ಅನ್ನುವವರು ಈ ತೋಟಾ ವಿಷಯ ಗಮನವಿಟ್ಟು ಓದಿ. .243 ಹೊಸದೇನಲ್ಲ, 1955ರಿಂದ ಇದೆ. .308ರ ಕತ್ತು ಕಿರಿದು ಮಾಡಿ ಸಣ್ಣ ಗುಂಡು ಕೂರಿಸಿದ್ದು. ಇದರಲ್ಲಿ 55 ಗ್ರೇನಿನಿಂದ 105 ಗ್ರೇನ್‌ವರೆಗೆ ಗುಂಡು ಸಿಗುತ್ತದೆ (100 ಗ್ರೇನ್ ಅಂದರೆ ಸುಮಾರು ಆರೂವರೆ ಗ್ರಾಂ). ಜಿಂಕೆಗೆ 95-100 ಗ್ರೇನಿನ ಬೇಟೆಯ ಗುಂಡು. ಸೆಕೆಂಡಿಗೆ ಹೆಚ್ಚುಕಡಿಮೆ 2,950 ಅಡಿ ವೇಗ, 200 ಗಜಕ್ಕೆ ಗುರಿ ಕೂರಿಸಿದರೆ 100 ಗಜದಲ್ಲಿ ಒಂದೂವರೆಯಿಂದ ಎರಡಂಗುಲ ಮೇಲೆ, 300 ಗಜದಲ್ಲಿ ಸುಮಾರು ಏಳಂಗುಲ ಕೆಳಗೆ. ಮಾಳದಿಂದ ಹೊಡೆಯುವವರಿಗೆ ಲೆಕ್ಕ ಹಾಕುವ ಗೋಜೇ ಇಲ್ಲ. ಕಯೋಟಿಗೆ 58 ಗ್ರೇನಿನ ತೆಳು ಗುಂಡು, ಅದು 3,700 ಅಡಿ ಮೀರಿ ಓಡುತ್ತದೆ. ಒಳಗೆ ಹೋದ ಕೂಡಲೇ ಚೂರುಚೂರಾಗುವ ಹಾಗೆ ಮಾಡಿರುವ ಗುಂಡು. ಅದನ್ನು ಜಿಂಕೆಗೆ ಮಾತ್ರ ಹೊಡೆಯಬೇಡಿ. ಭುಜದ ಮೂಳೆಗೆ ತಾಗಿದರೆ ಮೇಲೆಯೇ ಸಿಡಿದು ಪ್ರಾಣಿ ಗಾಯವಾಗಿ ಓಡಿ ಎಲ್ಲೋ ನರಳಿ ಸಾಯುತ್ತದೆ. ಬೇಟೆಗಾರ ಅನ್ನಿಸಿಕೊಂಡವನು ಮಾಡಬಾರದ ಕೆಲಸ.

ಇನ್ನೊಂದು, ಎರಡು ತೂಕದ ಗುಂಡು ಒಂದೇ ಜಾಗಕ್ಕೆ ಹೋಗುವುದಿಲ್ಲ. ಪೆಟ್ಟಿಗೆ ಬದಲಿಸಿದರೆ ಕಾಗದದ ಮೇಲೆ ಮತ್ತೆ ಹೊಡೆದು ನೋಡಿ, ಸ್ಕೋಪನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಅಂತ ಬರೆದಿಟ್ಟುಕೊಳ್ಳಿ. ಅಳಿಯ ಅದನ್ನು ಒಂದು ಚೀಟಿಯಲ್ಲಿ ಬರೆದು ಭುಜಕ್ಕೆ ಆನಿಸುವ ಸ್ಟಾಕಿಗೇ ಅಂಟಿಸಿದ್ದಾನೆ. ಇಷ್ಟು ತಾಪತ್ರಯ ಬೇಡ ಅನ್ನುವವರು ಎರಡಕ್ಕೂ ಜಿಂಕೆಯ ಗುಂಡನ್ನೇ ಹೊಡೆಯಲಿ, ಕಯೋಟಿಯ ಚರ್ಮ ಯಾರಿಗೂ ಬೇಕಿಲ್ಲದಿದ್ದರೆ ಅದೇ ಸುಲಭ.

ಬೇರೆ ತೋಟಾ? .223 ಅಗ್ಗ, ಒದೆತ ಇನ್ನೂ ಕಡಿಮೆ, ಕಯೋಟಿಗೆ ಅದೇ ಸಾಕು. ಟೆಕ್ಸಾಸಿನಲ್ಲಿ ಜಿಂಕೆಗೂ ನಡೆಯುತ್ತದೆ. ಆದರೆ ನಾಳೆ ಕೆಲಸ ಬದಲಾಗಿ ಕೊಲರಾಡೊಗೆ ಹೋದರೆ ಅಲ್ಲಿ ಜಿಂಕೆಗೆ ಕನಿಷ್ಠ .24 ಬೋರ್ ಇರಬೇಕು ಅನ್ನುವ ನಿಯಮ, .223 ಮನೆಯಲ್ಲೇ ಕೂರುತ್ತದೆ. ನಮ್ಮ ಹುಡುಗರು ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಿಸುವವರು, ಅದಕ್ಕೇ ಹೇಳಿದೆ. 6.5 ಕ್ರೀಡ್‌ಮೂರ್ ಈಗ ಎಲ್ಲರ ಬಾಯಲ್ಲೂ ಇದೆ, ಕೆಟ್ಟದ್ದಲ್ಲ, ದೂರಕ್ಕೆ ಹೊಡೆಯುವವರಿಗೆ .243ಗಿಂತ ಮೇಲೇ. ಇನ್ನೂರು ಗಜದ ಬೇಟೆಗೆ ನನಗೆ ಅದರ ಅಗತ್ಯ ಕಾಣಲಿಲ್ಲ.

ಕೊರತೆ ಇಲ್ಲವಾ ಅಂದರೆ ಇದೆ. ಮ್ಯಾಗಜಿನ್ ಪ್ಲಾಸ್ಟಿಕ್ಕಿನದು, ಮೂರೇ ತೋಟಾ ಹಿಡಿಯುತ್ತದೆ. ಸ್ಟಾಕ್ ಕೂಡ ಪ್ಲಾಸ್ಟಿಕ್, ಬೀಟೆ ಮರದ ಸ್ಟಾಕನ್ನು ಎಣ್ಣೆ ಹಚ್ಚಿ ಉಜ್ಜಿದ ಕೈಗೆ ಅದು ಆಟದ ಸಾಮಾನಿನಂತೆ ಕಾಣುತ್ತದೆ. ಮಳೆಗೆ ಊದಿಕೊಳ್ಳುವುದಿಲ್ಲ ಅನ್ನುವುದು ಅದರ ಗುಣ, ಆಗುಂಬೆಯ ಮಳೆ ಕಂಡವರಿಗೆ ಅದರ ಬೆಲೆ ಗೊತ್ತು. ಸಣ್ಣ ತೋಟಾಕ್ಕೂ ದೊಡ್ಡ ತೋಟಾಕ್ಕೂ ಒಂದೇ ಅಳತೆಯ ಮೈ ಮಾಡುತ್ತಾರೆ, .243ಕ್ಕೆ ಅಂತಲೇ ಮಾಡಿದ್ದರೆ ಇನ್ನೂ ಸ್ವಲ್ಪ ಗಿಡ್ಡ ಆಗುತ್ತಿತ್ತು. ದುಡ್ಡು ಬಿಗಿ ಇದ್ದವರಿಗೆ ರೂಗರ್ ಅಮೆರಿಕನ್ ಇದೆ, ತೂಕ ಹೆಚ್ಚುಕಡಿಮೆ ಇಷ್ಟೇ, ಬೆಲೆ ಇದಕ್ಕಿಂತ ಕಡಿಮೆ, ಗುರಿಯೂ ಸರಿಯಾಗೇ ಇದೆ. ಬೋಲ್ಟ್ ಮಾತ್ರ ಸ್ವಲ್ಪ ಒರಟು.

ಸ್ಕೋಪ್ ಕೂರಿಸಿಕೊಟ್ಟ ಅಂಗಡಿಯವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಹೆಸರು ಬೇಡ. ಮೊದಲ ಸಲ ಹೊಡೆದಾಗ ಗುಂಡುಗಳು ಅಂಗೈಯಗಲಕ್ಕೆ ಚೆದುರಿದವು. ಅಳಿಯ ರೈಫಲ್ಲೇ ಸರಿಯಿಲ್ಲ ಅಂತ ವಾಪಸ್ ಕೊಡಲು ಹೊರಟಿದ್ದ. ನೋಡಿದರೆ ಸ್ಕೋಪನ್ನು ಹಿಡಿದ ಹಿಂದಿನ ಉಂಗುರದ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು! ಕೂರಿಸುವುದಕ್ಕೆ ದುಡ್ಡು ಬೇರೆ ತಗೊಂಡಿದ್ದ. ಬಿಗಿ ಮಾಡಿದ ಮೇಲೆ ನಾಣ್ಯದಗಲ ಬಂತು. ಹೊಸ ರೈಫಲ್ ಗುರಿ ತಪ್ಪಿದರೆ ಮೊದಲು ಸ್ಕ್ರೂ ನೋಡಿ. ಸ್ಕೋಪ್ ದೊಡ್ಡದು ಹಾಕಬೇಡಿ, 3ರಿಂದ 9 ಪಟ್ಟು ದೊಡ್ಡದು ಮಾಡಿ ತೋರಿಸುವ ಸಾಧಾರಣದ್ದೇ ಸಾಕು. ಹಗುರ ರೈಫಲ್ ಕೊಂಡು ಮೇಲೆ ಒಂದು ಕಿಲೋ ಗಾಜು ಹೊರಿಸುವವರನ್ನು ಅಲ್ಲಿ ನೋಡಿದೆ, ನಗು ಬಂತು.

ನನ್ನ ಹಾಗೆ ಮಕ್ಕಳ ಮನೆಗೆ ವಿಸಿಟರ್ ವೀಸಾದಲ್ಲಿ ಹೋಗುವ ಹಿರಿಯರಿಗೆ ಒಂದು ಎಚ್ಚರಿಕೆ. ಆ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳಬಾರದು ಅನ್ನುವುದು ಅಲ್ಲಿನ ಕೇಂದ್ರದ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ರೈಫಲ್ ಮುಟ್ಟುವುದು. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಾದರೆ ಟೆಕ್ಸಾಸಿನಲ್ಲಿ ಬೇಟೆ ತರಬೇತಿಯನ್ನೂ ಕೇಳುತ್ತಾರೆ. ನಾನು ಅದಕ್ಕಿಂತ ಹಿಂದಿನವನು, ಬಚಾವ್. ಜಿಂಕೆ ಸೀಸನ್ ನವೆಂಬರ್ ಮೊದಲ ಶನಿವಾರ ಶುರು, ಅಡಿಕೆ ಕೊಯ್ಲಿನ ಹೊತ್ತಿಗೇ ಬರುತ್ತದೆ, ಮನೆಯಲ್ಲಿ ಯಾರನ್ನಾದರೂ ಒಪ್ಪಿಸಿ ಹೋಗಿ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಹೊಡೆಯಲೇಬೇಡಿ, ಚರೆಯ ಹಾಗಲ್ಲ, ಇದು ತಪ್ಪಿದರೆ ಮೂರು ಕಿಲೋಮೀಟರ್ ದೂರಕ್ಕೂ ಹೋಗಬಲ್ಲದು. ಕಿವಿಗೆ ಮುಚ್ಚಳ ಹಾಕಿಕೊಳ್ಳಿ.

ಮಾಂಸದ ವಿಷಯ ಕೇಳಬೇಡಿ ಅಂದರೂ ಎಲ್ಲರೂ ಕೇಳುವುದು ಅದನ್ನೇ. ಕೊಬ್ಬೇ ಇಲ್ಲದ ಮಾಂಸ, ಜಾಸ್ತಿ ಬೇಯಿಸಿದರೆ ನಾರು. ಊರಿನಿಂದ ಒಯ್ದ ಖಾರದ ಪುಡಿ ಹಾಕಿ ಮಗಳು ಸಾರು ಮಾಡಿದಳು, ಜತೆಗೆ ಕಡುಬು.

ಅಂದ ಹಾಗೆ ಎಡಗೈಯವರಿಗೆ ಬೋಲ್ಟ್ ಎಡಗಡೆ ಇರುವ ಮಾದರಿಯೂ ಟಿಕ್ಕಾದಲ್ಲಿ ಸಿಗುತ್ತದೆ. ನನ್ನ ಮಗಳು ಎಡಚಿ. ಗಂಡನ ರೈಫಲ್ಲನ್ನು ಉಲ್ಟಾ ಹಿಡಿದೇ ಅವನಿಗಿಂತ ಚೆನ್ನಾಗಿ ಹೊಡೆದಳು, ಈಗ ತನಗೂ ಒಂದು ಬೇಕು ಅನ್ನುತ್ತಿದ್ದಾಳೆ. ಅಳಿಯ ಇನ್ನೂ ಹ್ಞೂಂ ಅಂದಿಲ್ಲ.