ಎರಡು ಹಾರ್ಡ್ ಡಿಸ್ಕ್ ‘ಜೋಡಿಸಿಕೊಡುತ್ತೇವೆ’ ಎಂದರೆ ನಂಬಬೇಡಿ

ತುಮಕೂರಿನಲ್ಲಿ ಹಾರ್ಡ್ ಡಿಸ್ಕ್ ಹಾಕಿಸುವವರು ದಯವಿಟ್ಟು ಇದನ್ನು ಓದಿ. ನಾನು ಮದುವೆ ಫೋಟೊ ತೆಗೆಯುವವನು. ಬಿ.ಎಚ್. ರಸ್ತೆಯ ಬಳಿಯ ಅಂಗಡಿಯೊಂದರಲ್ಲಿ 2 ಟಿಬಿಯ ಎರಡು ಡಿಸ್ಕ್ ಹಾಕಿಸಿದೆ. ಹೇಳಿದ್ದು ಒಂದೇ ಮಾತು: ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಉಳಿಯಬೇಕು. “ಆಯಿತು ಸರ್, ಎರಡನ್ನೂ ಜೋಡಿಸಿಕೊಡುತ್ತೇನೆ” ಎಂದರು.

ಮನೆಗೆ ತಂದಾಗ ಡಿ ಡ್ರೈವ್ 3.63 ಟಿಬಿ ತೋರಿಸಿತು. ಇಷ್ಟೊಂದು ಜಾಗವಿದೆಯಲ್ಲ ಎಂದು ಸಂತೋಷಪಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನಾನು ಕೇಳಿದ್ದು ಮಿರರ್ ವಾಲ್ಯೂಮ್, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇರುವ ಡ್ರೈವ್. ಹಾಗಿದ್ದರೆ ಒಂದು ಡಿಸ್ಕಿನಷ್ಟೇ, 1.81 ಟಿಬಿ ಮಾತ್ರ ಕಾಣಬೇಕಿತ್ತು. ಮೊದಲ ದಿನವೇ ಎಲ್ಲವೂ ಕಣ್ಣೆದುರಿಗಿತ್ತು.

ಹದಿನಾಲ್ಕು ತಿಂಗಳಿಗೆ ಒಂದು ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿತು. ಮರುದಿನ ಡಿ ಡ್ರೈವೇ ಇಲ್ಲ. ಇನ್ನೊಂದು ಇದೆಯಲ್ಲ ಎಂಬ ಧೈರ್ಯದಿಂದ, ಡಿಸ್ಕುಗಳ ಸ್ಥಿತಿ ತೋರಿಸುವ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಕೆಟ್ಟದ್ದರ ಮುಂದೆ ‘ಮಿಸ್ಸಿಂಗ್’. ಚೆನ್ನಾಗಿದ್ದ ಡಿಸ್ಕಿನ ಮೇಲೆ ನೇರಳೆ ಪಟ್ಟಿ, ಅದರಲ್ಲಿ ‘ಫೇಲ್ಡ್’! ಕೆಳಗೆ ಬಣ್ಣಗಳ ವಿವರ ನೋಡಿದೆ: ನೇರಳೆ ಎಂದರೆ ಸ್ಪ್ಯಾನ್ಡ್ ವಾಲ್ಯೂಮ್. ಎರಡನ್ನೂ ಡೈನಾಮಿಕ್ ಮಾಡಿ (ಹಲವು ಡಿಸ್ಕ್ ಸೇರಿಸಿ ಒಂದೇ ಡ್ರೈವ್ ಮಾಡಲು ಬಿಡುವ ವಿಂಡೋಸ್‌ನ ವಿಧ) ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ್ದರು. ಒಂದು ಸತ್ತರೆ ಇಡೀ ವಾಲ್ಯೂಮ್ ಹೋಯಿತು. ನಾನು ಕೇಳಿದ್ದಕ್ಕೆ ತದ್ವಿರುದ್ಧ. ತೀರಾ ತದ್ವಿರುದ್ಧ. ಕೈಕಾಲು ತಣ್ಣಗಾದವು.

ಅಂಗಡಿಗೆ ಓಡಿದೆ. “ಜೋಡಿಸಿ ಎಂದಿರಿ, ಜೋಡಿಸಿದ್ದೇನೆ.” ಮಿರರ್ ಅಲ್ಲವೇ ಕೇಳಿದ್ದು ಎಂದರೆ, “ಸ್ಪ್ಯಾನ್ಡ್ ಆದರೇನು, ಮಿರರ್ ಆದರೇನು, ಎರಡೂ ಡೈನಾಮಿಕ್ ಡಿಸ್ಕೇ.” ಹೌದು, ಎರಡೂ ಡೈನಾಮಿಕ್ಕೇ. ಆದರೆ ಒಂದು ಉಳಿಸುತ್ತದೆ, ಇನ್ನೊಂದು ಮುಳುಗಿಸುತ್ತದೆ! ಕೊನೆಗೆ, ಮೊಬೈಲ್ ನೋಡುತ್ತಲೇ: “ವಾರಂಟಿ ಡಿಸ್ಕಿಗೆ ಸರ್, ಒಳಗಿರುವುದಕ್ಕಲ್ಲ. ಬೇಕಾದರೆ ಹೊಸದು ಹಾಕಿಕೊಡುತ್ತೇನೆ.” ತಲೆ ಎತ್ತಿ ನೋಡಲೂ ಇಲ್ಲ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಸಿ ನೋಡಿ. ಡಿಸ್ಕ್ ಬೇಸಿಕ್, ಅಂದರೆ ಸಾಮಾನ್ಯ ವಿಧದಲ್ಲೇ ಇದ್ದರೆ ಹಾಗೆಯೇ ಬಿಡಲು ಹೇಳಿ. ಒಮ್ಮೆ ಡೈನಾಮಿಕ್ ಮಾಡಿದರೆ, ವಿಂಡೋಸ್‌ನಲ್ಲಿ ಅದನ್ನು ಬೇಸಿಕ್‌ಗೆ ತರಲು ಆ ಡಿಸ್ಕಿನ ವಾಲ್ಯೂಮ್‌ಗಳನ್ನೆಲ್ಲ ಅಳಿಸಬೇಕು. ಎರಡನೇ ಡಿಸ್ಕಿಗೆ ನಕಲು ನೀವೇ ಮಾಡಿಕೊಳ್ಳಿ, ಆ ಕೆಲಸವನ್ನು ಯಾರ ಕೈಗೂ ಕೊಡಬೇಡಿ. ಮಿರರೇ ಬೇಕು, ಅಂಗಡಿಯಲ್ಲೇ ಮಾಡಿಸುತ್ತೇನೆ ಎನ್ನುವವರು ಬಿಲ್ಲಿನ ಮೇಲೆ ‘ಮಿರರ್’ ಎಂದೇ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ಇರುವುದು ‘ಡಿಸ್ಕ್ ಜೋಡಣೆ’ ಎಂಬ ಎರಡೇ ಪದ.

ಗುಬ್ಬಿಯ ಮದುವೆಯವರಿಗೆ ಮುಂಗಡ ಹಿಂತಿರುಗಿಸಿದ್ದೇನೆ. ಹುಡುಗಿಯ ತಾಯಿ ಹಣವನ್ನು ಎಣಿಸಲಿಲ್ಲ. “ಧಾರೆಯದು ಒಂದಾದರೂ ಸಿಗುತ್ತದೆಯೇ?” ಎಂದಷ್ಟೇ ಕೇಳಿದರು.