ಪರಿಹಾರ ‘ಜಮಾ ಆಗಿದೆ’ ಅಂದರೆ ಯಾವ ಖಾತೆಗೆ ಅಂತ ಕೇಳಿ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯವರು ದಯವಿಟ್ಟು ಓದಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೂ ಓದಿ ಹೇಳಿ. ಊರಿಗೆ ಬಂದು ಸಿಮ್ ಮಾರುವ, ‘ಪುಕ್ಕಟೆ ಖಾತೆ ಮಾಡಿಕೊಡ್ತೀವಿ’ ಅನ್ನುವ ಹುಡುಗರಿಗೆ ಹೆಬ್ಬೆಟ್ಟು ಕೊಡಬೇಡಿ. ನಮ್ಮವ್ವನ ಬರ ಪರಿಹಾರ ಹೋಗಿದ್ದು ಹಾಗೇ.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದವು, ನಮ್ಮ ಜಿಲ್ಲೆಯ ಆರೂ ಸೇರಿ. ನಮ್ಮ ನಾಲ್ಕೆಕರೆ ಶೇಂಗಾ ಕಾಯಿ ಕಟ್ಟಲೇ ಇಲ್ಲ. ಆಗ ಮಳೆಯಾಶ್ರಿತ ಬೆಳೆಗೆ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಎರಡು ಹೆಕ್ಟೇರ್‌ವರೆಗೆ. 2024ರ ಜನವರಿಯಲ್ಲಿ ಮೊದಲ ಕಂತು ಅಂತ 2,000 ರೂಪಾಯಿವರೆಗೆ ಹಾಕಿದರು, ಕೇಂದ್ರದ ದುಡ್ಡು ಬಂದ ಮೇಲೆ ಮೇ ತಿಂಗಳಲ್ಲಿ ಉಳಿದದ್ದು. ಓಣಿಯವರಿಗೆಲ್ಲ ಮೆಸೇಜ್ ಬಂತು. ಅವ್ವನ ಪಾಸ್‌ಬುಕ್ಕಲ್ಲಿ ಏನೂ ಇಲ್ಲ.

ನಾಡಕಚೇರಿಯಲ್ಲಿ ಕೇಳಿದರೆ ‘ಪಾವತಿ ಆಗಿದೆಯಲ್ರೀ’ ಅಂದರು. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಸರಿ, ಸರ್ವೆ ನಂಬರ್ ಸರಿ, ಹೆಸರೂ ಸರಿ. ಖಾತೆಯ ಕೊನೆಯ ಅಂಕಿಗಳು ಮಾತ್ರ ನಮ್ಮ ಗ್ರಾಮೀಣ ಬ್ಯಾಂಕಿನವಲ್ಲ. ಅದು ಯಾವುದೋ ಪೇಮೆಂಟ್ಸ್ ಬ್ಯಾಂಕು, ಅವ್ವ ಹೆಸರೇ ಕೇಳಿರದಿದ್ದದ್ದು.

ಈ ದುಡ್ಡು ಬರುವುದು ಆಧಾರ್ ಹಿಡಿದುಕೊಂಡು. ಎಷ್ಟು ಬ್ಯಾಂಕಿಗೆ ಆಧಾರ್ ಕೊಟ್ಟಿದ್ದರೂ ಬ್ಯಾಂಕುಗಳ ನಡುವೆ ದುಡ್ಡು ದಾಟಿಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಇರುವುದು ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದು. ಹೊಸ ಖಾತೆ ಮಾಡುವಾಗ ‘ಸಬ್ಸಿಡಿ ಇಲ್ಲಿಗೇ ಬರಲಿ’ ಅನ್ನುವ ಕಡೆ ಟಿಕ್ ಬಿತ್ತೋ, ಬರ ಪರಿಹಾರ, ಕಿಸಾನ್ ಸಮ್ಮಾನ್‌ನ ವರ್ಷದ 6,000, ಎಲ್ಲ ಅತ್ತಲೇ. 2017ರಲ್ಲಿ ಗ್ಯಾಸ್ ಸಬ್ಸಿಡಿ ಇದೇ ದಾರಿಯಲ್ಲಿ ಜನರಿಗೆ ಗೊತ್ತೇ ಇಲ್ಲದ ಖಾತೆಗಳಿಗೆ ಹೋಗಿ ದೊಡ್ಡ ಗಲಾಟೆಯಾಗಿತ್ತು.

ಅವ್ವನದು ಕಳೆ ಕಿತ್ತು, ಶೇಂಗಾ ಬಿಡಿಸಿ ಸವೆದ ಬೆರಳು. ರೇಷನ್ ಅಂಗಡಿಯಲ್ಲೂ ಒಂದೇ ಸಲಕ್ಕೆ ಹತ್ತಲ್ಲ. ಸೆರಗಲ್ಲಿ ಒರೆಸಿಕೊಂಡು, ಬಾಯಲ್ಲಿ ಊದಿ ಮತ್ತೆ ಒತ್ತುವುದು ಅವಳಿಗೆ ರೂಢಿ. ಸಿಮ್ ಹುಡುಗ ‘ಹತ್ತಲಿಲ್ಲವ್ವಾ, ಇನ್ನೊಂದ್ಸಲ ಒತ್ತು’ ಅಂದಾಗ ಅನುಮಾನ ಬರುವುದಾದರೂ ಹೇಗೆ? ಒಂದು ಒತ್ತು ಸಿಮ್ಮಿಗೆ, ಇನ್ನೊಂದು ಖಾತೆಗೆ. ಆ ಖಾತೆಗೆ ಕೊಟ್ಟ ಮೊಬೈಲ್ ನಂಬರೂ ನಮ್ಮದಲ್ಲ, ಹಾಗಾಗಿ ಮೆಸೇಜ್ ನಮಗೆ ಬರಲೇ ಇಲ್ಲ. ‘ಸಿಮ್ ಅಪ್‌ಡೇಟ್’ ಅಂತ ಅವನು ಮತ್ತೆ ಬಂದು ಬೆಟ್ಟು ಒತ್ತಿಸಿಕೊಂಡು ಹೋದ ದಿನವೇ ದುಡ್ಡು ಡ್ರಾ ಆಗಿದೆ.

ಸರ್ಕಾರದ ಲೆಕ್ಕದಲ್ಲಿ ಅವ್ವ ಫಲಾನುಭವಿಯೇ. ಖಾತೆ ಅವಳ ಹೆಸರಲ್ಲಿದೆ, ಬೆಟ್ಟೂ ಅವಳದೇ. ಪಕ್ಕದ ಹೊಲ ಗುತ್ತಿಗೆಗೆ ಮಾಡಿದವನಿಗೆ ಅಷ್ಟೂ ಇಲ್ಲ ಬಿಡಿ; ಬೀಜ, ಗೊಬ್ಬರ, ಸಾಲ ಅವನದು, ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿರುವ ಬೆಂಗಳೂರಿನ ಸಾಹುಕಾರರಿಗೆ. ಅದೇ ಬೇರೆ ಕಥೆ.

ಮೈಆಧಾರ್ ವೆಬ್‌ಸೈಟಿನಲ್ಲಿ ಸಬ್ಸಿಡಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ತೋರಿಸುತ್ತದೆ, ಇವತ್ತೇ ನೋಡಿ. ಬೇರೆ ಬ್ಯಾಂಕ್ ಬಂದರೆ ನಿಮ್ಮ ಶಾಖೆಗೆ ಹೋಗಿ. ಬರೀ ‘ಆಧಾರ್ ಲಿಂಕ್ ಮಾಡಿ’ ಅಂದರೆ ಆಗಲೇ ಆಗಿದೆ ಅಂತ ವಾಪಸ್ ಕಳಿಸುತ್ತಾರೆ, ‘ಎನ್‌ಪಿಸಿಐ ಮ್ಯಾಪಿಂಗ್’ ಅಂತಲೇ ಹೇಳಿ ಅರ್ಜಿ ಕೊಡಿ. ಬೆರಳಚ್ಚು ಲಾಕ್ ಮಾಡುವ ಸೌಲಭ್ಯವೂ ಅದೇ ವೆಬ್‌ಸೈಟಿನಲ್ಲಿದೆ. ರೇಷನ್‌ಗೆ ಹೋಗುವಾಗ ತೆಗೆಯಬೇಕು, ರಗಳೆಯೇ, ಆದರೂ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮ್ಯಾಪಿಂಗ್ ಬದಲಾದ ಮೇಲೆ ಕಿಸಾನ್ ಸಮ್ಮಾನ್ ಕಂತು ಗ್ರಾಮೀಣ ಬ್ಯಾಂಕಿಗೇ ಬರುತ್ತಿದೆ. ಬರದ ದುಡ್ಡು ಇನ್ನೂ ವಾಪಸ್ ಬಂದಿಲ್ಲ, ಠಾಣೆಯಲ್ಲಿ ದೂರಿದೆ. ನೀವು ಠಾಣೆಗೆ ಹೋಗುವುದಾದರೆ ಆ ಪೇಮೆಂಟ್ಸ್ ಬ್ಯಾಂಕಿನ ಸ್ಟೇಟ್‌ಮೆಂಟ್ ಕೈಯಲ್ಲಿರಲಿ. ಡ್ರಾ ಆದ ದಿನ ಅದರಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಅಲ್ಲೂ ‘ಪಾವತಿ ಆಗಿದೆಯಲ್ರೀ’ ಅಂತಲೇ ಶುರು ಮಾಡುತ್ತಾರೆ.